ಸುಣ್ಣದ ನೆಲಕ್ಕೆ ಏಡಿಯ ಔಷಧ

ಈಚೆಗೆ ನಮ್ಮ ಸಂಘದ ಗೊಬ್ಬರದ ಮಳಿಗೆಗೆ ಬರುವ ಸದಸ್ಯ ಬಂಧುಗಳಲ್ಲಿ ಅನೇಕರು ಯೂರಿಯಾ, ಪೊಟ್ಯಾಷುಗಳ ಮಾತೆತ್ತುವ ಮೊದಲೇ "ಕೀಲೇಟೆಡ್ ಬಂದಿದೆಯೇ ಸ್ವಾಮಿ?" ಎಂದು ವಿಚಾರಿಸುವುದು ವಾಡಿಕೆಯಾಗಿಬಿಟ್ಟಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ತೆಂಗಿನ ಗರಿ ಹಳದಿ ತಿರುಗಿದರೆ ಸಾಕು, ಬಣ್ಣದ ಪೊಟ್ಟಣ ಹಿಡಿದ ಪ್ರತಿನಿಧಿಯೊಬ್ಬರು ತೋಟದ ಬದುವಿಗೇ ಬಂದು ನಿಲ್ಲುತ್ತಾರೆ. ಸಂಘವೇ ಇಂಥ ಸರಕಿನ ಏಜೆನ್ಸಿ ಪಡೆದು ಮಾರಿದರೆ ಸದಸ್ಯರಿಗೂ ಅನುಕೂಲ, ಸಂಘಕ್ಕೂ ನಾಲ್ಕು ಕಾಸು ಎಂಬ ಸಲಹೆ ಆಡಳಿತ ಮಂಡಳಿಯ ಮುಂದೆ ಬಂದಿದೆ. ಮಂಡಳಿ ಇನ್ನೂ ತೀರ್ಮಾನಿಸಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ನಮ್ಮ ಸ್ವಂತ ಅಭಿಪ್ರಾಯವೆಂದು ಭಾವಿಸಬೇಕಾಗಿ ಕೋರುತ್ತೇವೆ. ಈ ಸಲಹೆಯನ್ನು ಅದು ಬಂದ ರೂಪದಲ್ಲಿ ಒಪ್ಪಬಾರದು ಎಂಬುದೇ ಆ ಅಭಿಪ್ರಾಯ. ಕಾರಣಗಳನ್ನು ವಿವರಿಸಬೇಕಾದರೆ ಸ್ವಲ್ಪ ರಸಾಯನಶಾಸ್ತ್ರಕ್ಕೆ ಕೈಹಾಕಬೇಕಾಗುತ್ತದೆ. ಬೇಸರಪಡದೆ ಓದಬೇಕು.

ಮೊದಲು ಒಂದು ವಿಚಿತ್ರವನ್ನು ಗಮನಿಸೋಣ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದುರೂ ಮ್ಯಾಂಗನೀಸಿನ ಅದುರೂ ಇರುವುದು ಎಲ್ಲರಿಗೂ ತಿಳಿದ ವಿಷಯ. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಳನ್ನು ನಿಲ್ಲಿಸುವವರೆಗೆ ಆ ಅದುರು ಹೊತ್ತ ಲಾರಿಗಳ ಕೆಂಪು ಧೂಳು ನಮ್ಮ ಗರಿಗಳ ಮೇಲೆ ಕೂರುತ್ತಿತ್ತು. ನಮ್ಮ ಮಣ್ಣು ಕೆಂಪಾಗಿರುವುದೂ ಕಬ್ಬಿಣದಿಂದಲೇ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ನೂರಕ್ಕೆ ಮೂರು ಪಾಲು ಕಬ್ಬಿಣವೆಂದು ಹಿಡಿದರೂ 27 ಸಾವಿರ ಕಿಲೋ ಆಯಿತು. ಇಷ್ಟು ಕಬ್ಬಿಣದ ಮೇಲೆ ನಿಂತ ಮರಕ್ಕೆ ಕಬ್ಬಿಣದ ಕೊರತೆ ಬಂದಿದೆ, ಒಂದು ಕಿಲೋ ಪೊಟ್ಟಣ ಹಾಕಿ ಎಂದರೆ ನಂಬುವುದು ಹೇಗೆ?

ನಂಬಬೇಕಾದ ಸಂದರ್ಭಗಳೂ ಉಂಟು. ಕಬ್ಬಿಣ ಇರುವುದು ಬೇರೆ, ಬೇರಿಗೆ ಸಿಕ್ಕುವುದು ಬೇರೆ. ಬೇರು ಕುಡಿಯುವುದು ನೀರಿನಲ್ಲಿ ಕರಗಿದ್ದನ್ನು ಮಾತ್ರ. ಹೀಗೆ ಕರಗಿ, ವಿದ್ಯುದಂಶ ಹೊತ್ತು ನೀರಿನಲ್ಲಿ ಬಿಡಿಬಿಡಿಯಾಗಿ ಓಡಾಡುವ ಲೋಹದ ಕಣವನ್ನು ಅಯಾನು ಎನ್ನುತ್ತಾರೆ. ಹುಳಿ ಮಣ್ಣಿನಲ್ಲಿ ಕಬ್ಬಿಣದ ಅಯಾನು ಸಾಕಷ್ಟು ಇರುತ್ತದೆ. ಮಣ್ಣು ಕ್ಷಾರದ ಕಡೆ ತಿರುಗಿದಂತೆಲ್ಲ ಅದು ತುಕ್ಕಾಗಿ ತಳ ಸೇರುತ್ತದೆ. ರಸಸಾರ, ಎಂದರೆ ಮಣ್ಣಿನ ವರದಿಯಲ್ಲಿ ಪಿ.ಎಚ್. ಎಂದು ಬರೆದಿರುವ ಅಂಕ, ಒಂದು ಏರಿದರೆ ಕರಗಿರುವ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. 5ರಿಂದ 8ಕ್ಕೆ ಏರಿದರೆ ಸಾವಿರದ ಸಾವಿರದ ಸಾವಿರ ಪಟ್ಟು, ನೂರು ಕೋಟಿ ಪಟ್ಟು! ನಮ್ಮಲ್ಲಿ ಗುಂಡಿ ತೆಗೆದಾಗ ಎರಡು ಮೂರು ಅಡಿಯ ಕೆಳಗೆ ಬೆಳ್ಳಗೆ ಸುಣ್ಣದ ಹರಳು ಸಿಕ್ಕುವ ತೋಟಗಳಿವೆಯಲ್ಲ, ಅಲ್ಲಿ ನಡೆಯುವುದು ಇದೇ. ಮೇಲಿನಿಂದ ನಾವು ಹಾಯಿಸುವ ಕೊಳವೆಬಾವಿಯ ನೀರೂ ಸುಣ್ಣದ್ದೇ. ಹನಿ ನೀರಾವರಿಯ ತೂತುಗಳ ಸುತ್ತ ಬಿಳಿ ಪೊರೆ ಕಟ್ಟುವುದನ್ನು ನೋಡದ ಸದಸ್ಯರಿಲ್ಲ. ಹೇಮಾವತಿ ನಾಲೆಯ ನೀರು ಹರಿಯುವ ಕಡೆ ಈ ತೊಂದರೆ ಕಡಿಮೆ. ಆಳದ ಬೋರನ್ನೇ ನಂಬಿದ ಕಡೆ ವರ್ಷದಿಂದ ವರ್ಷಕ್ಕೆ ಪಾತಿಯಲ್ಲಿ ಸುಣ್ಣ ಸೇರುತ್ತ ಹೋಗುತ್ತದೆ. ಪೆಸಿಫಿಕ್ ಸಾಗರದ ಹವಳದ ದ್ವೀಪಗಳಲ್ಲಿ ತೆಂಗು ಹಳದಿಯಾಗುವುದೂ ಸುಣ್ಣದ ನೆಲದಲ್ಲಿ ಕಬ್ಬಿಣ, ಮ್ಯಾಂಗನೀಸು ದಕ್ಕದ್ದರಿಂದಲೇ.

ಈ ತೊಡಕಿಗೆ ಕಂಡುಕೊಂಡ ಉಪಾಯವೇ ಕೀಲೇಟು. 'ಕೀಲೆ' ಎಂದರೆ ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಗಾಲು. 1920ರಲ್ಲಿ ಇಂಗ್ಲೆಂಡಿನ ಮಾರ್ಗನ್ ಮತ್ತು ಡ್ರೂ ಎಂಬ ರಸಾಯನಶಾಸ್ತ್ರಜ್ಞರು ಈ ಹೆಸರಿಟ್ಟರು. ಏಡಿ ತನ್ನ ಎರಡು ಇಕ್ಕಳದಿಂದ ಕಡ್ಡಿಯನ್ನು ಕಚ್ಚಿ ಹಿಡಿಯುವಂತೆ, ಕೆಲವು ಸಾವಯವ ಪದಾರ್ಥಗಳು ಲೋಹದ ಅಯಾನನ್ನು ಎರಡು, ಮೂರು, ಆರು ಕಡೆಗಳಿಂದ ಕಚ್ಚಿ ಹಿಡಿಯುತ್ತವೆ. ಆ ಇಕ್ಕಳದ ತುದಿಗಳು ಸಾಮಾನ್ಯವಾಗಿ ಸಾರಜನಕ ಮತ್ತು ಆಮ್ಲಜನಕದ ಪರಮಾಣುಗಳು. ತಮ್ಮಲ್ಲಿರುವ ಜೋಡಿ ಎಲೆಕ್ಟ್ರಾನನ್ನು ಅವು ಲೋಹದೊಡನೆ ಹಂಚಿಕೊಳ್ಳುತ್ತವೆ. ಒಂದೇ ಕಡೆ ಹಿಡಿದ ಹಿಡಿತ ಸಡಿಲವಾಗುವುದು ಸುಲಭ. ಆರು ಕಡೆ ಹಿಡಿದದ್ದು ಒಂದು ಬಿಟ್ಟರೂ ಐದು ಬಿಡದು. ಹೀಗೆ ಸುತ್ತುವರಿದ ಲೋಹಕ್ಕೆ ನೆರೆಯ ಫಾಸ್ಫೇಟು, ಕಾರ್ಬೊನೇಟುಗಳು ಬಂದು ಅಂಟಲು ಎಡೆಯಿರುವುದಿಲ್ಲವಾಗಿ ಅದು ಗಸಿಯಾಗಿ ಇಳಿಯದೆ ನೀರಿನಲ್ಲೇ ಉಳಿಯುತ್ತದೆ.

ಹೆಸರು ಹೊಸದಾದರೂ ಕೆಲಸ ಹಳೆಯದು. ನಮ್ಮ ಹಿರಿಯರು ಅಳಲೇಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದರಲ್ಲ, ಆ ಕಪ್ಪು ಬಣ್ಣವೇ ಅಳಲೇಕಾಯಿಯ ಒಗರು ಕಬ್ಬಿಣವನ್ನು ಕಚ್ಚಿ ಹಿಡಿದದ್ದರ ಗುರುತು. ಹಸಿ ಅಡಿಕೆ ಸುಲಿದ ಕಬ್ಬಿಣದ ಕತ್ತಿ ಕಪ್ಪಾಗುವುದೂ ಇದೇ ಬಗೆ. ಎಲೆಯ ಹಸುರಿನಲ್ಲಿ ನಾಲ್ಕು ಸಾರಜನಕಗಳ ನಡುವೆ ಮೆಗ್ನೀಸಿಯಂ ಕೂತಿದೆ. ನಮ್ಮ ರಕ್ತದಲ್ಲಿ ಅಂಥದೇ ಚೌಕಟ್ಟಿನ ನಡುವೆ ಕಬ್ಬಿಣ ಕೂತಿದೆ. ಊಟದ ಮೇಲೆ ಕೂಡಲೇ ಕಾಫಿ ಕುಡಿದರೆ ಅನ್ನದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಎಂದು ವೈದ್ಯರು ಹೇಳುವುದಕ್ಕೂ ಕಾಫಿಯಲ್ಲಿನ ಇಂಥ ಹಿಡಿಯುವ ಪದಾರ್ಥಗಳೇ ಕಾರಣ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೋ ಬಾರದೋ ತಿಳಿಯದು!

ಅಂಗಡಿಯಲ್ಲಿ ಸಿಕ್ಕುವ ಪೊಟ್ಟಣಗಳ ಮೇಲೆ ಇರುವ ಇ.ಡಿ.ಟಿ.ಎ. ಎಂಬುದನ್ನು 1935ರಲ್ಲಿ ಜರ್ಮನಿಯ ಫರ್ಡಿನಾಂಡ್ ಮ್ಯೂನ್ಸ್ ಮೊದಲು ತಯಾರಿಸಿದರು. ನಾಲ್ಕು ಆಮ್ಲದ ಕೈ, ಎರಡು ಸಾರಜನಕದ ಕೈ, ಒಟ್ಟು ಆರು ಕೈ. ಪದವಿ ತರಗತಿಯಲ್ಲಿ ರಸಾಯನಶಾಸ್ತ್ರ ಓದಿದ ಸದಸ್ಯರಿಗೆ ಇದರ ಪರಿಚಯ ಬೇರೊಂದು ರೀತಿಯಲ್ಲಿ ಉಂಟು. ನೀರಿನ ಗಡಸುತನ ಅಳೆಯುವಾಗ ಬ್ಯೂರೆಟ್ಟಿನಿಂದ ತೊಟ್ಟುತೊಟ್ಟಾಗಿ ಬಿಟ್ಟು, ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗುವುದನ್ನು ಕಾಯುತ್ತಿದ್ದೆವಲ್ಲ, ಆ ದ್ರಾವಣವೇ ಇದು. ನೀರಿನ ಸುಣ್ಣವನ್ನೆಲ್ಲ ಇ.ಡಿ.ಟಿ.ಎ. ಹಿಡಿದು ಮುಗಿಸಿದ ಕ್ಷಣದಲ್ಲಿ ಬಣ್ಣ ಬದಲಾಗುತ್ತದೆ. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಕಬ್ಬಿಣವನ್ನು ಹಿಡಿಯುವ ಈ ಏಡಿ ಸುಣ್ಣವನ್ನೂ ಹಿಡಿಯುತ್ತದೆ.

ಗೊಬ್ಬರವಾಗಿ ಇದಕ್ಕೆ ಹೆಸರು ಬಂದದ್ದು ಅಮೆರಿಕದ ಫ್ಲಾರಿಡಾ ಪ್ರಾಂತದ ಕಿತ್ತಳೆ ಜಾತಿಯ ತೋಟಗಳಲ್ಲಿ. ಸ್ಟೂಅರ್ಟ್ ಮತ್ತು ಲಿಯೊನಾರ್ಡ್ ಎಂಬಿಬ್ಬರು 1950ರ ದಶಕದ ಆರಂಭದಲ್ಲಿ ಕಬ್ಬಿಣದ ಇ.ಡಿ.ಟಿ.ಎ. ಯನ್ನು ನೆಲಕ್ಕೆ ಹಾಕಿ ಹಳದಿ ಗಿಡಗಳನ್ನು ಹಸುರು ಮಾಡಿ ತೋರಿಸಿದರು. ಸುದ್ದಿ ಲೋಕವೆಲ್ಲ ಹಬ್ಬಿತು. ಆದರೆ ಅವರಿಗೆ ಯಶಸ್ಸು ದೊರೆತದ್ದು ಹುಳಿ ಮರಳು ಮಣ್ಣಿನಲ್ಲಿ. ಅದೇ ಪದಾರ್ಥ ಸುಣ್ಣದ ಮಣ್ಣಿನಲ್ಲಿ ಆ ಫಲ ಕೊಡಲಿಲ್ಲ. ಪೊಟ್ಟಣದ ಮೇಲಿನ ಚಿತ್ರಕ್ಕೂ ಪ್ರತಿನಿಧಿಗಳ ಭಾಷಣಕ್ಕೂ ಮೊದಲರ್ಧ ಮಾತ್ರ ತಲುಪಿದೆ.

ಏಕೆ ಫಲಿಸುವುದಿಲ್ಲವೆಂದು ಕೇಳಿದರೆ, ಕಬ್ಬಿಣದ ಮೇಲೆ ಇ.ಡಿ.ಟಿ.ಎ. ಗೆ ಇರುವ ಹಿಡಿತ ಸುಣ್ಣದ ಮೇಲಿನ ಹಿಡಿತಕ್ಕಿಂತ ಕೋಟಿ ಕೋಟಿ ಪಟ್ಟು ಗಟ್ಟಿಯೇ ಹೌದು. ಆದರೆ ಹಿಡಿತವೊಂದೇ ಲೆಕ್ಕವಲ್ಲ. ರಸಸಾರ 8ರ ಮಣ್ಣಿನಲ್ಲಿ ಏಡಿಯ ಕೈಯಿಂದ ಕಬ್ಬಿಣ ಒಂದು ಕ್ಷಣ ಜಾರಿದರೂ ಅದು ತುಕ್ಕಾಗಿ ಕೆಳಗೆ ಬೀಳುತ್ತದೆ, ಮತ್ತೆ ಮೇಲೇಳದು. ಖಾಲಿಯಾದ ಕೈಗೆ ಸುತ್ತಲೂ ಸಂತೆಯ ಜನದಂತೆ ನೆರೆದಿರುವ ಸುಣ್ಣದ ಅಯಾನುಗಳು ಬಂದು ಕೂರುತ್ತವೆ. ಹೀಗೆ ಒಂದೊಂದೇ ಜಾರಿ ಕೊನೆಗೆ ಉಳಿಯುವುದು ಸುಣ್ಣದ ಇ.ಡಿ.ಟಿ.ಎ. ನೆಲದಲ್ಲಿ ನೂರಕ್ಕೆ ಒಂದು ಪಾಲು ಸುಣ್ಣವಿದ್ದರೂ ಎಕರೆಗೆ 9 ಸಾವಿರ ಕಿಲೋ. ಅದರ ಎದುರು ಒಂದು ಕಿಲೋ ಪೊಟ್ಟಣ ಎಷ್ಟು ದಿನ ತಡೆದೀತು? ಸುಮಾರಾಗಿ ಹೇಳುವುದಾದರೆ ಕಬ್ಬಿಣದ ಇ.ಡಿ.ಟಿ.ಎ. ರಸಸಾರ 6½ರವರೆಗೆ ನಿಲ್ಲುತ್ತದೆ. ಡಿ.ಟಿ.ಪಿ.ಎ. ಎಂಬ ಅದರ ಸೋದರ 7½ರವರೆಗೆ. ಇ.ಡಿ.ಡಿ.ಎಚ್.ಎ. ಎಂಬ ಮತ್ತೊಂದು 9ರವರೆಗೂ ಕಬ್ಬಿಣವನ್ನು ಬಿಡುವುದಿಲ್ಲ. ನೀರಿಗೆ ಹಾಕಿದೊಡನೆ ಕಡುಗೆಂಪು ಬಣ್ಣ ಕೊಡುವುದು ಈ ಕೊನೆಯದು. ಅದರಲ್ಲಿ ಸಾಧಾರಣವಾಗಿ ನೂರಕ್ಕೆ 6 ಪಾಲು ಕಬ್ಬಿಣ ಮಾತ್ರ, ಬೆಲೆಯೋ ಎಲ್ಲಕ್ಕಿಂತ ಮೇಲು. ಸುಣ್ಣದ ನೆಲದವರು ನೆಲಕ್ಕೆ ಹಾಕಲೇಬೇಕೆಂದರೆ ಹಾಕಬೇಕಾದದ್ದು ಇದನ್ನೇ. ಇಲ್ಲಿಯವರೆಗೆ ನಮಗೆ ತೋರಿಸಲು ತಂದ ಪೊಟ್ಟಣಗಳಲ್ಲಿ ಹೆಚ್ಚಿನವು ಇ.ಡಿ.ಟಿ.ಎ. ಆಗಿದ್ದವು ಎಂಬುದನ್ನು ಸದಸ್ಯರು ಗಮನಿಸಬೇಕು.

ಸತುವಿನ ಮಾತು ಬೇರೆ. ಸತುವು ಕಬ್ಬಿಣದಷ್ಟು ಬೇಗ ತಳ ಸೇರುವುದಿಲ್ಲವಾದ್ದರಿಂದ ಸತುವಿನ ಇ.ಡಿ.ಟಿ.ಎ. ನಮ್ಮ ನೆಲದಲ್ಲಿ ಸ್ವಲ್ಪ ಹೆಚ್ಚು ಕಾಲ ತಾಳುತ್ತದೆ. ಅದರಲ್ಲೂ ಹನಿ ನೀರಾವರಿಯ ಕೊಳವೆಯಲ್ಲಿ ರಂಜಕದ ಗೊಬ್ಬರ ಬಿಡುವವರು ಅದೇ ತೊಟ್ಟಿಗೆ ಸತುವಿನ ಸಲ್ಫೇಟು ಹಾಕಿದರೆ ಗಸಿ ಕಟ್ಟಿ ತೂತು ಮುಚ್ಚುತ್ತದೆ, ಕೀಲೇಟು ಹಾಕಿದರೆ ಮುಚ್ಚುವುದಿಲ್ಲ. ಅಡಿಕೆ ಸಸಿಮಡಿ, ತೆಂಗಿನ ಎಳೆಯ ಸಸಿ, ಹನಿ ನೀರಾವರಿ ಇವುಗಳಲ್ಲಿ ಕೀಲೇಟಿಗೆ ನಿಜವಾದ ಸ್ಥಾನವಿದೆ. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಪಾತಿಗೆ ಗೊಬ್ಬರದೊಡನೆ ಸುರಿಯುವವರು ಲೆಕ್ಕ ನೋಡಬೇಕು. ಸರ್ಕಾರದ 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಸತುವಿನ ಇ.ಡಿ.ಟಿ.ಎ. ಯಲ್ಲಿ ಸತು ನೂರಕ್ಕೆ 12. ಸಾಮಾನ್ಯ ಹರಳಿನ ಸತುವಿನ ಸಲ್ಫೇಟಿನಲ್ಲಿ 21. ಪುಡಿಯ ರೂಪದ ಮೊನೊಹೈಡ್ರೇಟಿನಲ್ಲಿ 33. ಕೀಲೇಟಿನ ಪೊಟ್ಟಣದಲ್ಲಿ ನಾವು ದುಡ್ಡು ಕೊಟ್ಟು ತರುವ ತೂಕದ ಬಹುಪಾಲು ಏಡಿಯದು, ಲೋಹದ್ದಲ್ಲ. ಬೆಲೆ ಹಲವು ಪಟ್ಟು, ಲೋಹ ಅರ್ಧಕ್ಕೆ ಹತ್ತಿರ.

ಎಲೆಗೆ ಸಿಂಪಡಿಸುವುದಾದರೆ ನೆಲದ ಸುಣ್ಣದ ತಕರಾರೇ ಇಲ್ಲ. ಆದರೆ ನಲವತ್ತು ಐವತ್ತು ಅಡಿಯ ತಿಪಟೂರು ನೆಟ್ಟನೆಯ ತಳಿಗೆ ಯಾರು ಸಿಂಪಡಿಸುತ್ತಾರೆ? ಎಳೆಯ ತೋಟದವರು, ಅಡಿಕೆಯವರು ಮಾಡಬಹುದು. ಅವರಿಗೂ ಕಡಿಮೆ ಖರ್ಚಿನ ದಾರಿಯೊಂದಿದೆ. 200 ಲೀಟರಿನ ಡ್ರಮ್ಮಿಗೆ ಒಂದು ಕಿಲೋ ಅನ್ನಭೇದಿ, 200 ಗ್ರಾಂ ಸಿಟ್ರಿಕ್ ಆಮ್ಲ. ಈ ಸಿಟ್ರಿಕ್ ಆಮ್ಲವೂ ಒಂದು ಏಡಿಯೇ, ಬಡವರ ಏಡಿ. ನಂಬಿಕೆ ಬಾರದವರು ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಶೀಸೆಗಳಲ್ಲಿ ಒಂದೊಂದು ಲೀಟರು ಬೋರಿನ ನೀರು ತೆಗೆದುಕೊಂಡು, ಒಂದೊಂದು ಚಮಚ ಅನ್ನಭೇದಿ ಕರಗಿಸಿ, ಒಂದಕ್ಕೆ ಮಾತ್ರ ಎರಡು ನಿಂಬೆಹಣ್ಣು ಹಿಂಡಿ ರಾತ್ರಿ ಇಡಿ. ಬೆಳಗಾಗುವ ಹೊತ್ತಿಗೆ ನಿಂಬೆ ಹಿಂಡದ ಶೀಸೆಯ ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ ಕೂತಿರುತ್ತದೆ. ಅದು ಎಲೆಗೆ ದಕ್ಕದ ಕಬ್ಬಿಣ. ಹುಳಿ ಹಿಂಡಿದ್ದು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ನೀರು ಬಹಳ ಗಡಸಾದರೆ ಹುಳಿ ಇನ್ನೂ ಸ್ವಲ್ಪ ಬೇಕಾದೀತು. ಸಿಂಪಡಿಸುವ ದಿನವೇ ಕಲಸಿಕೊಳ್ಳಬೇಕು, ಉಳಿದದ್ದನ್ನು ಮರುದಿನಕ್ಕೆ ಇಡಬಾರದು.

ಡ್ರಮ್ಮಿನ ನೀರಿನ ಮಾತು ಬಂತು. ಇದನ್ನು ಸದಸ್ಯರು ಅಷ್ಟಾಗಿ ಗಮನಿಸುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600ರವರೆಗೆ. ನಮ್ಮ ಬೋರಿನ ನೀರಿನ ಗಡಸುತನ 500 ಎಂದು ಹಿಡಿಯೋಣ. ಅಂಥ 200 ಲೀಟರು ನೀರಿನಲ್ಲಿರುವ ಸುಣ್ಣ, ಮೆಗ್ನೀಸಿಯಂಗಳನ್ನೆಲ್ಲ ಹಿಡಿದಿಡಲು ಸುಮಾರು 300 ಗ್ರಾಂ ಇ.ಡಿ.ಟಿ.ಎ. ಬೇಕು. ಪೊಟ್ಟಣದ ಮೇಲೆ ಡ್ರಮ್ಮಿಗೆ 100 ಗ್ರಾಂ ಹಾಕಿ ಎಂದು ಬರೆದಿರುತ್ತದೆ. ಗಿಡವನ್ನು ಮುಟ್ಟುವ ಮೊದಲೇ ಡ್ರಮ್ಮಿನಲ್ಲಿ ಪೈಪೋಟಿ ಆರಂಭವಾಗಿರುತ್ತದೆ. ಕೂಡಲೇ ಸಿಂಪಡಿಸಿದರೆ ಹೆಚ್ಚು ನಷ್ಟವಿಲ್ಲ, ಬಿಸಿಲಲ್ಲಿ ದಿನವಿಡೀ ಇಟ್ಟರೆ ನಷ್ಟ. ಮಳೆಯ ನೀರು ಹಿಡಿದಿಟ್ಟುಕೊಂಡವರು ಸಿಂಪಡಣೆಗೆ ಅದನ್ನೇ ಬಳಸುವುದು ಜಾಣತನ.

ಕಳೆ ಸಾಯಿಸುವ ಗ್ಲೈಫೊಸೇಟು ಕೂಡ ಇದೇ ವಂಶದ್ದೆಂದರೆ ಕೆಲವರಿಗೆ ಆಶ್ಚರ್ಯವಾದೀತು. 1964ರಲ್ಲಿ ಅಮೆರಿಕದ ಸ್ಟಾಫರ್ ಎಂಬ ಕಂಪನಿ ಲೋಹದ ಅಯಾನು ಹಿಡಿಯುವ ಪದಾರ್ಥವೆಂದು ಅದಕ್ಕೆ ಹಕ್ಕು ಪಡೆದಿತ್ತು. ಕಳೆ ಕೊಲ್ಲುವ ಗುಣ ಗೊತ್ತಾದದ್ದು ಆಮೇಲೆ, 1970ರಲ್ಲಿ. ಗಡಸು ನೀರಿನಲ್ಲಿ ಕಲಸಿದಾಗ ಅದು ಸುಣ್ಣವನ್ನು ಹಿಡಿದು ಕೂತು ಕಳೆಯ ಒಳಕ್ಕೆ ಇಳಿಯುವುದಿಲ್ಲ. "ಔಷಧಿ ಕಲಬೆರಕೆ" ಎಂದು ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವ ಪ್ರಸಂಗಗಳಲ್ಲಿ ಕೆಲವಾದರೂ ನೀರಿನ ತಪ್ಪು. ಅದನ್ನು ಹೆಚ್ಚು ಹೆಚ್ಚು ಹಾಕಿ ಸರಿಪಡಿಸುವುದು ಬೇಡ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ಕಟ್ಟುಪಾಡು ವಿಧಿಸಿ ಅಧಿಸೂಚನೆ ಹೊರಡಿಸಿದ್ದನ್ನೂ ಸದಸ್ಯರು ಮರೆಯಬಾರದು. ಇನ್ನು ಅಡಿಕೆಯವರಿಗೆ ಒಂದು ಎಚ್ಚರಿಕೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದೊಡನೆ ಯಾವ ಕೀಲೇಟನ್ನೂ ಬೆರೆಸಬೇಡಿ. ಬೋರ್ಡೋ ದ್ರಾವಣದ ಗುಟ್ಟೇ ಮೈಲುತುತ್ತದ ತಾಮ್ರವನ್ನು ಸುಣ್ಣದಿಂದ ಕರಗದಂತೆ ಮಾಡಿ ಗೊನೆಗೆ ಅಂಟಿಸುವುದು. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಸಾಹೇಬರು ಆ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದಂದಿನಿಂದ ನಮ್ಮ ರೈತರು ನಂಬಿರುವ ಔಷಧ ಅದು. ಅದಕ್ಕೆ ಏಡಿಯನ್ನು ಬಿಟ್ಟರೆ ಅದು ತಾಮ್ರವನ್ನು ಮತ್ತೆ ಕರಗಿಸುತ್ತದೆ. ಕರಗಿದ ತಾಮ್ರ ಎಲೆ, ಹರಳುಗಳನ್ನು ಸುಡುತ್ತದೆ, ಉಳಿದದ್ದು ಮೊದಲ ಮಳೆಗೇ ತೊಳೆದುಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇದೆ. ಗರಿ ಹಳದಿಯಾದದ್ದು ಕಬ್ಬಿಣದ ಕೊರತೆಯಿಂದಲೇ ಎಂದು ಹೇಳಿದವರಾರು? ಸುಳಿಯ ಎಳೆಯ ಗರಿ ಮೊದಲು ಹಳದಿಯಾಗಿ ನರಗಳು ಹಸುರಾಗಿ ಉಳಿದರೆ ಕಬ್ಬಿಣದ ಸಂದೇಹ ಪಡಬಹುದು, ಏಕೆಂದರೆ ಮರ ಹಳೆಯ ಗರಿಯ ಕಬ್ಬಿಣವನ್ನು ಎತ್ತಿ ಹೊಸದಕ್ಕೆ ಕೊಡಲಾರದು. ಕೆಳಗಿನ ಹಳೆಯ ಗರಿ ಮೊದಲು ಬಣ್ಣ ಕಳೆದುಕೊಂಡರೆ ಸಾರಜನಕ, ಪೊಟ್ಯಾಷು ಇಲ್ಲವೇ ಮೆಗ್ನೀಸಿಯಂ ಕೊರತೆ. ಇವನ್ನು ಮರ ಕೆಳಗಿನಿಂದ ಕಿತ್ತು ಮೇಲಕ್ಕೆ ಸಾಗಿಸುತ್ತದೆ. ಮೆಗ್ನೀಸಿಯಂ ಆದರೆ ಮರಕ್ಕೆ ವರ್ಷಕ್ಕೆ ಅರ್ಧ ಕಿಲೋ ಮೆಗ್ನೀಸಿಯಂ ಸಲ್ಫೇಟು ಸಾಕು, ಏಡಿ ಬೇಡ. ಸುಳಿ ಬಿಚ್ಚಿಕೊಳ್ಳದೆ ಗರಿಗಳು ಹೆಣೆದುಕೊಂಡಂತೆ ಮುದುಡಿದರೆ ಬೋರಾನು ಕೊರತೆ, ಅದಕ್ಕೆ ಬೊರಾಕ್ಸು. ಕಾಂಡದ ಬುಡದಲ್ಲಿ ಕಂದು ರಸ ಸೋರಿ, ಗರಿಗಳು ಜೋತುಬಿದ್ದರೆ ಅದು ಅಣಬೆ ರೋಗ. ಅಂಥ ಮರಕ್ಕೆ ಕೀಲೇಟು ಸುರಿಯುತ್ತ ಕೂತರೆ ಪಕ್ಕದ ಮರಗಳೂ ಹೋಗುತ್ತವೆ. ಅಡಿಕೆಯ ಹಿಡಿಮುಂಡಿಗೆಯಲ್ಲಿ ಮೊದಲು ನೋಡಬೇಕಾದದ್ದು ನೀರು ಬಸಿಯದ ಗಟ್ಟಿ ನೆಲವನ್ನು.

"ಅವರ ತೋಟದಲ್ಲಿ ಹಾಕಿದ ಮೇಲೆ ಫಸಲು ಹೆಚ್ಚಿತು" ಎಂಬ ಮಾತು ಕೇಳಿಬರುತ್ತದೆ. ತೆಂಗಿನಲ್ಲಿ ಹೊಂಬಾಳೆ ಬಿರಿಯುವುದಕ್ಕೆ ಸುಮಾರು ಎರಡೂವರೆ ವರ್ಷ ಮುಂಚೆಯೇ ಅದರ ಮೊಳಕೆ ಸುಳಿಯೊಳಗೆ ಹುಟ್ಟಿರುತ್ತದೆ. ಬಿರಿದ ಮೇಲೆ ಕಾಯಿ ಬಲಿಯಲು ಇನ್ನೊಂದು ವರ್ಷ. ಕೊಬ್ಬರಿಗೆ ಬಿಡುವ ನಮ್ಮಲ್ಲಿ ಅಟ್ಟದ ಮೇಲೆ ಮತ್ತೆ ಸುಮಾರು ಒಂದು ವರ್ಷ. ಯುಗಾದಿಗೆ ಹಾಕಿದ ಪೊಟ್ಟಣದಿಂದ ದೀಪಾವಳಿಗೆ ಹೆಚ್ಚು ಕಾಯಿ ಬಿದ್ದಿತೆಂದರೆ ಆ ಕಾಯಿಗೂ ಆ ಪೊಟ್ಟಣಕ್ಕೂ ಎಷ್ಟು ನಂಟು ಎಂಬುದನ್ನು ಸದಸ್ಯರೇ ಲೆಕ್ಕ ಹಾಕಬಹುದು. ಆ ವರ್ಷ ಮಳೆ ಹೇಗಿತ್ತು, ಪೊಟ್ಟಣದ ಜೊತೆಗೆ ಗೊಬ್ಬರ, ನೀರು ಎಷ್ಟು ಕೊಟ್ಟರು ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಘಟ್ಟದ ಕಡೆಯ ಕಾಫಿ ಬೆಳೆಗಾರರು ಈ ಲೇಖನವನ್ನು ಓದಿ ತಮಗೂ ಇದೇ ಎಂದು ತಿಳಿಯಬಾರದು. ಮೂಡಿಗೆರೆ, ಸಕಲೇಶಪುರದ ಹುಳಿ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಕರಗಿರುತ್ತದೆ. ಅಲ್ಲಿ ಕಾಡುವುದು ಸತುವಿನ ಕೊರತೆ ಮತ್ತು ಹುಳಿಯಲ್ಲಿ ಕರಗಿ ಬೇರು ಸುಡುವ ಅಲ್ಯೂಮಿನಿಯಂ. ಅವರು ಸುಣ್ಣ ಹಾಕಬೇಕು, ನಾವು ಸುಣ್ಣದಿಂದ ತಪ್ಪಿಸಿಕೊಳ್ಳಬೇಕು. ಎರಡು ಕಡೆಗೂ ಒಂದೇ ಪೊಟ್ಟಣ ಮಾರುವುದೇ ಪೊಟ್ಟಣದ ಮೇಲೆ ನಮಗಿರುವ ಮೊದಲ ಅನುಮಾನ.

ಈಗ ನಮ್ಮ ಮನಸ್ಸಿಗೆ ಬಹಳ ನಾಟಿರುವ ಸಂಗತಿಗೆ ಬರುತ್ತೇವೆ. ಮಣ್ಣಿನಲ್ಲಿ ಏಡಿಗಳು ಮೊದಲಿನಿಂದಲೂ ಇವೆ. ಸಗಣಿ ಗೊಬ್ಬರ, ಎಲೆ, ಬೇರು ಕೊಳೆತಾಗ ಹುಟ್ಟುವ ಹ್ಯೂಮಿಕ್, ಫಲ್ವಿಕ್ ಆಮ್ಲಗಳು, ಸೂಕ್ಷ್ಮಜೀವಿಗಳು ಬಿಡುವ ಸಿಟ್ರಿಕ್ ಮೊದಲಾದ ಹುಳಿಗಳು ಎಲ್ಲವೂ ಲೋಹ ಹಿಡಿಯುವಂಥವು. ಅವು ತುಕ್ಕಿನಿಂದ ಒಂದು ಕಣ ಕಬ್ಬಿಣ ಕಿತ್ತು ತಂದು ಬೇರಿನ ಬಾಗಿಲಲ್ಲಿ ಇಳಿಸಿ, ಮತ್ತೊಂದಕ್ಕೆ ಹಿಂತಿರುಗುತ್ತವೆ. ಸಂತೆಗೆ ಹೊರೆ ಸಾಗಿಸುವ ಗಾಡಿಯಂತೆ. ಕೊಂಡು ತಂದ ಏಡಿ ಒಂದು ಸಲದ್ದು, ಇವು ಗೊಬ್ಬರ ಇರುವವರೆಗೆ ಮತ್ತೆ ಮತ್ತೆ ಹುಟ್ಟುವಂಥವು. ಹುಲ್ಲಿನ ಜಾತಿಯ ಬೆಳೆಗಳಂತೂ ಕಬ್ಬಿಣ ಸಾಲದಾದಾಗ ತಮ್ಮ ಬೇರಿನಿಂದಲೇ ಇಂಥ ಪದಾರ್ಥ ಸುರಿಸುತ್ತವೆಂದು ಜಪಾನಿನ ತಕಾಗಿ ಎಂಬ ವಿಜ್ಞಾನಿ 1976ರಲ್ಲಿ ತೋರಿಸಿದರು. ನಮ್ಮ ರಾಗಿ ಆ ಜಾತಿಯದೇ. ತೆಂಗಿಗೆ ಆ ಗುಣವಿಲ್ಲ. ತೆಂಗಿನ ಸಾಲಿನ ನಡುವೆ ರಾಗಿ, ಹುರುಳಿ ಬಿತ್ತುತ್ತಿದ್ದ ಹಿಂದಿನವರು ಈ ಶಾಸ್ತ್ರ ತಿಳಿದು ಬಿತ್ತಿದರೆಂದು ನಾವು ಹೇಳುವುದಿಲ್ಲ, ಅವರಿಗೆ ಬೇಕಾಗಿದ್ದುದು ಮುದ್ದೆ.

ಹೀಗಿರುವಲ್ಲಿ ನಾವು ಮಾಡುತ್ತಿರುವುದೇನು? ಕಾಯಿ ಸುಲಿದ ಸಿಪ್ಪೆಯನ್ನು ನಾರಿನ ಕಾರ್ಖಾನೆಗೆ ಕಳಿಸುತ್ತೇವೆ. ಬಿದ್ದ ಗರಿ, ಹೊಂಬಾಳೆಗಳನ್ನು ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಕೊಡುತ್ತೇವೆ. ದನಗಳು ಕಡಿಮೆಯಾದವು, ಕೆರೆಯ ಗೋಡು ಹೊಡೆಯುವ ಪದ್ಧತಿ ಬಹುಮಟ್ಟಿಗೆ ನಿಂತಿತು. ಹೊಂಗೆ ಸೊಪ್ಪು ಕಡಿದು ಪಾತಿಗೆ ಹಾಕುವವರು ಎಷ್ಟು ಮಂದಿ? ಇಷ್ಟಾದ ಮೇಲೆ 'ಹ್ಯೂಮಿಕ್' ಎಂಬ ಹೆಸರಿನ ಕಪ್ಪು ನೀರನ್ನು ಲೀಟರು ಲೆಕ್ಕದಲ್ಲಿ ಕೊಂಡು ತರುತ್ತೇವೆ! ಗರಿಯನ್ನು ಕತ್ತರಿಸಿ ಪಾತಿಗೆ ಹೊದಿಸುವುದು, ಸಿಪ್ಪೆಯಲ್ಲಿ ಒಂದು ಪಾಲನ್ನಾದರೂ ಸಾಲಿನ ನಡುವೆ ಹೂಳುವುದು, ನಾರಿನ ಕಾರ್ಖಾನೆಗಳ ಹೊರಗೆ ಗುಡ್ಡೆ ಬಿದ್ದಿರುವ ನಾರಿನ ಪುಡಿಯನ್ನು ಕೊಳೆಸಿ ತರುವುದು, ಗೊಬ್ಬರದ ಗಿಡವನ್ನು ಬೇಲಿಗೆ ನೆಡುವುದು, ಇವುಗಳಲ್ಲಿ ಕೆಲವು ಕಷ್ಟದ ಕೆಲಸವೆಂಬುದು ನಮಗೆ ಗೊತ್ತಿದೆ. ಆಳು ಸಿಕ್ಕುವುದಿಲ್ಲ, ಕೂಲಿ ಏರಿದೆ. ಪೊಟ್ಟಣ ಹರಿದು ಸುರಿಯುವುದಕ್ಕೆ ಆಳು ಬೇಡ. ಪೊಟ್ಟಣ ಗೆಲ್ಲುತ್ತಿರುವುದು ಗುಣದಿಂದಲ್ಲ, ಈ ಕಾರಣದಿಂದ. ಸಂಘ ನಿಜಕ್ಕೂ ಸಹಾಯ ಮಾಡಬೇಕಾದ ಜಾಗವೂ ಇದೇ ಎಂದು ನಮ್ಮ ಎಣಿಕೆ. ಗರಿ ಕತ್ತರಿಸುವ ಯಂತ್ರವೊಂದನ್ನು ಕೊಂಡು ಸದಸ್ಯರಿಗೆ ಸರದಿಯ ಮೇಲೆ ಬಾಡಿಗೆಗೆ ಕೊಟ್ಟರೆ ಏಜೆನ್ಸಿಯ ಲಾಭಕ್ಕಿಂತ ಹೆಚ್ಚು ಉಪಕಾರವಾದೀತು.

ಏಜೆನ್ಸಿ ಬೇಕೆನ್ನುವ ಮಿತ್ರರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಂಘ ಮಾರದಿದ್ದರೆ ಸದಸ್ಯರು ಹೊರಗೆ ಕೊಳ್ಳುತ್ತಾರೆ, ಹೊರಗೆ ಕೊಂಡದ್ದು ಕಳಪೆಯಾದರೆ ಕೇಳುವವರಿಲ್ಲ ಎನ್ನುತ್ತಾರೆ. ನಿಜ. ಆದರೆ ಸಂಘದ ಮಳಿಗೆಯಲ್ಲಿ ಇಟ್ಟ ಸರಕಿಗೆ ಸಂಘದ ಮಾತಿನ ಬೆಲೆಯೂ ಅಂಟಿಕೊಂಡಿರುತ್ತದೆ. ಆದ್ದರಿಂದ ಮಂಡಳಿಯ ಮುಂದೆ ನಾವು ಇಡಲಿರುವ ಸೂಚನೆ ಇಷ್ಟು. ಹತ್ತು ಪೋಷಕಾಂಶ ಒಂದೇ ಪೊಟ್ಟಣದಲ್ಲಿ ಎನ್ನುವ ಮಿಶ್ರಣಗಳನ್ನು ಮಳಿಗೆಗೆ ತರುವುದು ಬೇಡ. ಸತುವಿನ ಇ.ಡಿ.ಟಿ.ಎ. ಯನ್ನು ಹನಿ ನೀರಾವರಿಯವರಿಗೆ, ಕಬ್ಬಿಣದ ಇ.ಡಿ.ಡಿ.ಎಚ್.ಎ. ಯನ್ನು ಮಣ್ಣಿನ ವರದಿ ತಂದವರಿಗೆ, ಕೇಳಿಕೆಯ ಮೇಲೆ ತರಿಸಿಕೊಡೋಣ. ಅನ್ನಭೇದಿ, ಸತುವಿನ ಸಲ್ಫೇಟು, ಮೆಗ್ನೀಸಿಯಂ ಸಲ್ಫೇಟು, ಬೊರಾಕ್ಸು, ಸಿಟ್ರಿಕ್ ಆಮ್ಲ ಇವು ಸದಾ ದಾಸ್ತಾನಿನಲ್ಲಿರಲಿ. ಹೊರಗೆ ಕೊಳ್ಳುವವರು ಚೀಟಿಯಲ್ಲಿ ಲೋಹದ ಶೇಕಡಾವಾರು ಮತ್ತು ಏಡಿಯ ಹೆಸರು ಎರಡನ್ನೂ ಓದಬೇಕು. 'ಕೀಲೇಟೆಡ್ ಬೋರಾನ್', 'ಕೀಲೇಟೆಡ್ ಗಂಧಕ' ಎಂದು ಬರೆದಿದ್ದರೆ ಕೆಳಗಿಟ್ಟು ಬನ್ನಿ. ಬೋರಾನು, ಗಂಧಕಗಳು ಲೋಹಗಳೇ ಅಲ್ಲ, ಇ.ಡಿ.ಟಿ.ಎ. ಅವನ್ನು ಹಿಡಿಯುವುದಿಲ್ಲ.

ಎಲ್ಲಕ್ಕೂ ಮೊದಲು ಪರೀಕ್ಷೆಯಾಗಬೇಕು. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಣ್ಣನ್ನು ಪರೀಕ್ಷಿಸಿದಾಗ ವ್ಯಾಪಕವಾಗಿ ಕಂಡ ಕೊರತೆಗಳು ಸತು, ಬೋರಾನು, ಗಂಧಕ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸುಗಳ ಅಂಕವೂ ಇದೆ. ಆ ಅಂಕ ತೆಗೆಯುವ ವಿಧಾನವೇ ಡಿ.ಟಿ.ಪಿ.ಎ. ಎಂಬ ಏಡಿಯದು, 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ರೂಢಿಗೆ ತಂದದ್ದು. ಬೇರಿಗೆ ದಕ್ಕಬ‌ಹುದಾದಷ್ಟನ್ನು ಮಾತ್ರ ಅದು ಕಿತ್ತು ತೋರಿಸುತ್ತದೆ. ಸತು ಹತ್ತು ಲಕ್ಷಕ್ಕೆ 0.6ಕ್ಕಿಂತ, ಕಬ್ಬಿಣ 4.5ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಚೀಟಿಯನ್ನು ತೊಲೆಯ ಸಂದಿಗೆ ಸಿಕ್ಕಿಸಿ ಮರೆತಿರುವ ಸದಸ್ಯರು ದಯವಿಟ್ಟು ಹೊರತೆಗೆದು ರಸಸಾರದ ಅಂಕವನ್ನು ನೋಡಬೇಕು. ಹಳೆಯದಾಗಿದ್ದರೆ ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಹೊಸದಾಗಿ ಮಾಡಿಸಬಹುದು.

ಮಾದರಿ ತೆಗೆಯುವವರು ಮಳೆಗಾಲದ ಗೊಬ್ಬರ ಹಾಕುವ ಮೊದಲೇ ತೆಗೆಯಬೇಕು. ಬುಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಮೇಲಿನ ಒಂದು ಅಡಿಯದು ಬೇರೆ, ಕೆಳಗಿನ ಒಂದು ಅಡಿಯದು ಬೇರೆ, ಹತ್ತು ಹನ್ನೆರಡು ಮರಗಳಿಂದ ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಹಳದಿ ಮರಗಳದ್ದನ್ನೂ ಹಸುರು ಮರಗಳದ್ದನ್ನೂ ಬೆರೆಸಬಾರದು. ಬೋರಿನ ನೀರನ್ನು ಹತ್ತು ನಿಮಿಷ ಹರಿಯಬಿಟ್ಟು ಆಮೇಲೆ ತೊಳೆದ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಬೇಕು. ಮಣ್ಣು ಬೆರೆಸಲು ತಗಡಿನ ಬಕೆಟ್ಟನ್ನಾಗಲಿ ತುಕ್ಕು ಹಿಡಿದ ಬಾಣಲೆಯನ್ನಾಗಲಿ ಬಳಸಬೇಡಿ. ತಗಡಿನ ಮೇಲಿರುವ ಲೇಪ ಸತುವಿನದು, ಬಾಣಲೆಯ ತುಕ್ಕು ಕಬ್ಬಿಣದ್ದು, ಎರಡೂ ವರದಿಗೆ ಸೇರಿಬಿಡುತ್ತವೆ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆರೆಸಿ, ಹೆಸರು, ಊರು, ಸರ್ವೆ ನಂಬರು ಬರೆದ ಚೀಟಿಯನ್ನು ಒಳಗೊಂದು ಹೊರಗೊಂದು ಇಟ್ಟು ಸಂಘದ ಕಚೇರಿಗೆ ತಲುಪಿಸಿದರೆ ಎಲ್ಲರದ್ದನ್ನೂ ಒಟ್ಟಿಗೆ ಕಳಿಸುವ ಏರ್ಪಾಡು ಮಾಡುತ್ತೇವೆ.